ತೂತು ಬಿದ್ದ ನಳಿಗೆ

“ಜಗ್ಗಬ್ಯಾಡ್ರಿ, ಮುರೀತದ!” ಎಂದು ಹೊನ್ನೂರಪ್ಪ ಉಸ್ಮಾನ್‌ಸಾಬರ ಮುಂಗೈ ಹಿಡಿದ.

ಇಬ್ಬರೂ ಕಾರಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ್ದರು. ಲಿಂಗಸುಗೂರಿನಲ್ಲಿ ಬಸ್ಸು ನಿಲ್ಲುವ ಬಯಲಿಗೆ ಅಂಟಿಕೊಂಡೇ ಉಸ್ಮಾನ್‌ಸಾಬರ ಮನೆ. ಮನೆ ಮುಂದಿನ ಬೇವಿನ ಮರವೇ ಅವರ ಕಾರ್ಖಾನೆ. ಹಿಂದಿನ ಟಾಕಿಯಿಂದ ಮುಂದಿನ ಇಂಜಿನ್ನಿನವರೆಗೆ ಪೆಟ್ರೋಲು ಹರಿಯುವ ಕಬ್ಬಿಣದ ನಳಿಗೆ ಇಬ್ಬರ ಮೂಗಿನ ಮೇಲೆ ಒಂದು ಗೇಣು ಎತ್ತರದಲ್ಲಿತ್ತು. ಕಿರುಬೆರಳಿನಷ್ಟು ದಪ್ಪದ್ದು. ಅದರ ಮೈಯೆಲ್ಲ ಹಕ್ಕಳೆ ಎದ್ದಿತ್ತು. ಉಸ್ಮಾನ್‌ಸಾಬರು ಒಮ್ಮೆ ಉಗುರಿನಿಂದ ಕೆರೆದಿದ್ದಕ್ಕೇ ಕೆಂಪು ಪುಡಿ ಉದುರಿ ಅವರ ಗಡ್ಡದಲ್ಲಿ ಕೂತಿತ್ತು.

“ಮುರೀತದ ಅಂದ್ರ? ಮುರೀಲಿಕ್ಕೇ ನಾ ಇಲ್ಲಿ ಮಲಗೀನಿ. ಹಳೇದು ಕಿತ್ತಿ ಹೊಸಾದು ಹಾಕ್ರಿ ಅಂತ ಬಂದಾಂವ ನೀನ ಅಲ್ಲೇನು?”

“ಹಾಕ್ರಿ, ಯಾರು ಬ್ಯಾಡ ಅಂದಾರ. ಆದ್ರ ನಮ್ಮ ಸೌಕಾರ್ರು ಬಂದು ನೋಡೋತನಕ ಇದು ಇದ್ದಂಗ ಇರಬೇಕು.”

“ನೋಡಾಕ ಏನೈತಿ ಇದರಾಗ? ಮದಿವಿ ಹೆಣ್ಣೇನು?”

“ತೂತು ನೋಡಬೇಕು ಅವರು.”

ಉಸ್ಮಾನ್‌ಸಾಬರು ನಟ್ಟು ಬಿಚ್ಚುವ ಪಾನಾ ಎದೆಯ ಮೇಲಿಟ್ಟುಕೊಂಡು ನಿಟ್ಟುಸಿರು ಬಿಟ್ಟರು. ಬೆಳಿಗ್ಗೆಯಿಂದ ಹೊನ್ನೂರಪ್ಪ ಕೈ ತಡೆದಿದ್ದು ಇದು ಮೂರನೆಯ ಸಲ. ಮೊದಲು ಟಾಕಿ ಬರಿದು ಮಾಡುವಾಗ, ಉಳಿದ ಪೆಟ್ರೋಲನ್ನು ತನ್ನ ಎದುರೇ ಅಳೆದು ಡಬ್ಬಿಗೆ ಹಾಕಬೇಕೆಂದು ಹಟ ಹಿಡಿದಿದ್ದ. ಆಮೇಲೆ ತುಕ್ಕು ಹಿಡಿದ ನಟ್ಟಿಗೆ ಸೀಮೆಎಣ್ಣೆ ಬಿಡುವುದಕ್ಕೂ ಅಡ್ಡ ಬಂದಿದ್ದ. ಸೀಮೆಎಣ್ಣೆಯ ಕಲೆ ಬಿದ್ದರೆ ಪೆಟ್ರೋಲು ಸೋರಿದ ಕಲೆ ಗೊತ್ತಾಗುವುದಿಲ್ಲವಂತೆ.

ಹೊನ್ನೂರಪ್ಪನ ಕಷ್ಟ ಬೇರೆ. ಮೂರು ತಿಂಗಳಿಂದ ಕರಿಬಸಪ್ಪ ಸಾಹುಕಾರರ ಕಾರು ಕುಡಿಯುವ ಪೆಟ್ರೋಲಿಗೂ ಓಡುವ ದೂರಕ್ಕೂ ತಾಳೆಯಾಗುತ್ತಿರಲಿಲ್ಲ. ಸಂಜೆ ಟಾಕಿಯಲ್ಲಿ ಕಡ್ಡಿ ಇಳಿಸಿ ನೋಡಿದರೆ ಒಂದು ಗೇಣು, ಬೆಳಿಗ್ಗೆ ನೋಡಿದರೆ ನಾಲ್ಕು ಬೆರಳು. ದಾರಿಯಲ್ಲಿ ಕಾರು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಹೊನ್ನೂರಪ್ಪ ಇಳಿದು, ನಳಿಗೆಯ ತುದಿ ಬಿಚ್ಚಿ, ಬಾಯಿ ಹಚ್ಚಿ ಊದುತ್ತಿದ್ದ. ಪಾಮನಕಲ್ಲೂರಿನ ಮದುವೆಗೆ ಹೋದ ದಿನ ಹೀಗೆ ಐದು ಸಲ ಊದಿದ್ದ. ಬಾಯಿ, ಅಂಗಿ, ಮೀಸೆ ಎಲ್ಲ ಪೆಟ್ರೋಲು ವಾಸನೆ. ಮರುದಿನ ತಮ್ಮೂರು ಮಸ್ಕಿಯಲ್ಲಿ, ಕಾಳು ತೂಗುವ ಅಡತಿ ಅಂಗಡಿಯ ಕಟ್ಟೆಯ ಮೇಲೆ ಎಂಟು ಹತ್ತು ಮಂದಿ ಕೂತಿರುವಾಗ ಸಾಹುಕಾರರು ಅವನನ್ನು ಹತ್ತಿರ ಕರೆದು ಮೂಸಿದ್ದರು. “ಟಾಕ್ಯಾಗಿಂದ ಪೆಟ್ರೋಲ್ ಹೆಂಗ ಹೊರಗ ಹೋಕ್ಕೈತಿ ಅಂತ ಕೇಳ್ತಿದ್ರೆಲ್ಲ, ನೋಡ್ರಿ. ರಬ್ಬರ್ ಪೈಪ್ ಇಟ್ಟು ಬಾಯಿಂದ ಎಳೀತಾನ ಕಳ್ಳ” ಎಂದಿದ್ದರು.

ಹೊನ್ನೂರಪ್ಪ ಅವರ ಮನೆಯಲ್ಲಿ ಹತ್ತು ವರ್ಷ ಎತ್ತು ನೋಡಿಕೊಂಡು, ಆಮೇಲೆ ಡ್ರೈವರ್ ಆದವನು. ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಮುದಗಲ್ಲಿನ ಜಹಗೀರದಾರರೊಬ್ಬರು ಮನೆ ಖಾಲಿ ಮಾಡಿ ಹೋಗುವಾಗ ಸಾಹುಕಾರರು ಈ ಕಾರನ್ನು ಕೊಂಡರು. ಓಡಿಸುವುದನ್ನು ಕಲಿಯಲು ಯಾರೂ ಮುಂದೆ ಬರಲಿಲ್ಲ, ಇವನು ಬಂದ. ನಾಲ್ಕು ವರ್ಷದಲ್ಲಿ ಊರಿನವರೆಲ್ಲ ಅವನನ್ನು ಡ್ರೈವರ್ ಹೊನ್ನೂರಪ್ಪ ಎನ್ನತೊಡಗಿದ್ದರು. ಕಟ್ಟೆಯ ಮೇಲಿನ ಮಾತಾಗಿ ಎರಡು ದಿನ ಕಳೆಯುವುದರೊಳಗೆ ಪೆಟ್ರೋಲ್ ಹೊನ್ನೂರ ಎನ್ನಲು ಶುರು ಮಾಡಿದರು. ಹೆಂಡತಿ ನೀರಿಗೆ ಹೋದಲ್ಲೂ ಕೇಳಿಬಂತಂತೆ. ನಿನ್ನೆ ಅವನು ಕಾರಿನ ಕೆಳಗೆ ತೆವಳಿ ಹೋಗಿ ನಳಿಗೆ ಸವರಿ ನೋಡಿದ್ದ. ಬೆರಳು ಒದ್ದೆಯಾಯಿತು. ಕಾರು ನಿಲ್ಲುವುದು ಎತ್ತಿನ ಕೊಟ್ಟಿಗೆಯಲ್ಲೇ. ನೆಲಕ್ಕೆ ಹಾಸಿದ ಜೋಳದ ಹೊಟ್ಟು ರಾತ್ರಿಯೆಲ್ಲ ಸೋರಿದ್ದನ್ನು ಕುಡಿದುಬಿಡುತ್ತಿತ್ತು. ಕಂಡಿದ್ದನ್ನು ಹೇಳಿದರೆ ಸಾಹುಕಾರರು ನಂಬಲಿಲ್ಲ. “ಲಿಂಗಸುಗೂರಿಗೆ ಒಯ್ಯಿ. ಉಸ್ಮಾನ್‌ಸಾಬ ತೂತು ತೋರಿಸಿದ್ರ ನೋಡೋಣು. ನಾ ಮಧ್ಯಾಹ್ನದ ಬಸ್ಸಿಗೆ ಬರ್ತೀನಿ” ಎಂದಿದ್ದರು. ತಮ್ಮದೇ ಕಾರಿನಲ್ಲಿ ಬಂದರೆ ದಾರಿಯಲ್ಲಿ ನಿಂತೀತು ಎಂಬ ಭಯ.

“ಹುಸೇನ್‌ಬೀ, ಚಾ ಮಾಡು. ಇಂವ ಕೆಲಸ ಮಾಡಗೊಡಂಗಿಲ್ಲ” ಎಂದು ಉಸ್ಮಾನ್‌ಸಾಬರು ಕೂಗಿದರು.

ಬಾಗಿಲಲ್ಲಿ ಕುಲುಮೆಗೆ ಇದ್ದಲು ಒಡೆಯುತ್ತಿದ್ದ ಅವರ ಹೆಂಡತಿ ತಲೆ ಎತ್ತಲಿಲ್ಲ. “ನೀವು ಕೆಲಸ ಮಾಡೋದು ಯಾವಾಗ ನೋಡೀನಿ ನಾ? ಮಲಗೋದು ನೋಡೀನಿ.”

ಉಸ್ಮಾನ್‌ಸಾಬರು ಮತ್ತೆ ನಳಿಗೆಯತ್ತ ತಿರುಗಿದರು. ಕಾರಿನ ತಳಕ್ಕೆ ಬಿಗಿದ ಹಿಡಿಕೆಗಳು ನಳಿಗೆಯನ್ನು ಕಚ್ಚಿಕೊಂಡ ಕಡೆ ತುಕ್ಕಿನ ಮೇಲೆ ಬೆಳ್ಳಗೆ ಒಂದು ಪದರ ಗಟ್ಟಿಯಾಗಿತ್ತು. ಅದನ್ನು ಉಗುರಿನಿಂದ ಎಬ್ಬಿಸಿ, ನೋಡಿ, ನಾಲಿಗೆಗೆ ಮುಟ್ಟಿಸಿಕೊಂಡರು. ಥೂ ಎಂದು ಉಗುಳಿದರು.

“ಉಪ್ಪು.”

“ಏನ್ರೀ?”

“ಉಪ್ಪಪಾ, ಉಪ್ಪು! ನಳಿಗಿ ಒಳಗಿಂದ ತಿಂದಿಲ್ಲ, ಹೊರಗಿಂದ ತಿಂದೈತಿ. ಈ ಗಾಡೀನ ಎಲ್ಲಿ ನಿಂದ್ರಸ್ತೀರಿ ನೀವು? ಸಮುದ್ರದಾಗೇನು?”

“ಕೊಟಿಗ್ಯಾಗ ನಿಂದ್ರಸ್ತೀನ್ರಿ. ಸೋಮವಾರ ಒಂದು ದಿನ ಹಳ್ಳದಾಗ.”

“ಹಳ್ಳದಾಗ ಅಂದ್ರ?”

ಹೊನ್ನೂರಪ್ಪನ ಮುಖ ಮೊದಲ ಸಲ ಸ್ವಲ್ಪ ಅರಳಿತು. ಈ ವಿಷಯ ಹೇಳುವುದು ಅವನಿಗೆ ಇಷ್ಟ. “ಸೋಮವಾರ ಎತ್ತು ಹೂಡೋದಿಲ್ಲಲ್ರಿ ನಾವು, ಬಸವಣ್ಣನ ವಾರ. ಹಳ್ಳಕ್ಕ ಹೊಡಕೊಂಡು ಹೋಗಿ ಮೈ ತೊಳಿತೀವಿ. ಹಂಗ ಇದನ್ನೂ ಓಡಸಂಗಿಲ್ಲ. ಹಳ್ಳದಾಗ ಹೊಟ್ಟಿ ಮುಟ್ಟ ನೀರಾಗ ನಿಂದ್ರಿಸಿ, ಹುಲ್ಲಿನ ಸಿವುಡು ತಗೊಂಡು ಕೆಳಗ ಮ್ಯಾಲ ಎಲ್ಲಾ ತಿಕ್ತೀನಿ. ಸಂಜಿತನ ನೆನೀಲಿ ಅಂತ ಬಿಡ್ತೀನಿ. ನಾಕು ವರ್ಷಾತು, ಒಂದು ಸೋಮವಾರ ತಪ್ಪಿಸಿಲ್ಲ. ಮಂದಿ ನೋಡಾಕ ಬರ್ತಾರ.”

ಉಸ್ಮಾನ್‌ಸಾಬರು ಕಾರಿನ ಕೆಳಗಿನಿಂದ ತೆವಳಿ ಹೊರಗೆ ಬಂದು, ಎದ್ದು ಕೂತು, ತಲೆಯ ಮೇಲೆ ಕೈ ಇಟ್ಟುಕೊಂಡರು.

“ಹುಸೇನ್‌ಬೀ, ಕೇಳಿದೇನು? ಆ ಹಳ್ಳದ ಸವಳ ನೀರಾಗ ಗಾಡಿ ನೆನಿ ಇಡ್ತಾನಂತ. ನಾಕು ವರ್ಷ! ಆ ನೀರು ದನಾ ಸೈತ ನೀರಡಿಕಿ ಆದ್ರ ಅಷ್ಟ ಕುಡೀತಾವು. ಬಟ್ಟಿ ಒಣಗಿದ್ರ ಕಟಿಗಿ ಆಗ್ತಾವು. ಕಂಬಖ್ತ್, ಇದು ಚರ್ಮ ಅಲ್ಲೋ, ಕಬ್ಬಿಣ!”

“ತೊಳೀಲಾರದ ಇಟ್ರ ಬೈತಾರ, ತೊಳದ್ರ ನೀವು ಬೈತೀರಿ” ಎಂದು ಹೊನ್ನೂರಪ್ಪ ಗೊಣಗಿದ. ಆದರೆ ಮಾತು ಮುಗಿಯುವ ಮೊದಲೇ ಅವನಿಗೆ ತಿಳಿಯಿತು. ತೂತು ತೋರಿಸಿದರೆ ಕಳ್ಳ ಅಲ್ಲ ಎಂದಾಗುತ್ತದೆ. ತೂತು ಮಾಡಿದವನು ಯಾರು ಎಂದು ಕೇಳಿದರೆ ತಾನೇ.

ಉಸ್ಮಾನ್‌ಸಾಬರು ಅವನ ಮುಖ ನೋಡಿ ಸ್ವಲ್ಪ ಮೆತ್ತಗಾದರು. “ಹೆದರಬ್ಯಾಡ. ಗಾಡಿಗೆ ವಯಸ್ಸಾಗೈತಿ, ತುಕ್ಕು ತಿಂದೈತಿ ಅಂತ ಹೇಳ್ತೀನಿ ನಾ. ಸುಳ್ಳೇನಲ್ಲ ಅದು. ಹದಿನೇಳು ವರ್ಷದ ಗಾಡಿ.”

“ಹೇಳ್ರಿ, ಹೇಳ್ರಿ” ಎಂದಳು ಹುಸೇನ್‌ಬೀ, ಇದ್ದಲು ಒಡೆಯುತ್ತಲೇ. “ಬರೋ ಸೋಮವಾರ ಮತ್ತ ಹಳ್ಳಕ್ಕ ಇಳಸ್ತಾನ. ಬ್ರೇಕಿನ ನಳಿಗಿ ಒಂದು ಉಳದೈತಿ, ಅದೂ ತಿನ್ಲಿ. ಆಮ್ಯಾಲ ಸೌಕಾರ್ರು ಬಾವ್ಯಾಗ ಬಿದ್ರ ನಿಮ್ಮ ರಿಪೇರಿ ಛಲೋ ಇತ್ತು ಅಂತಾರ.”

ಉಸ್ಮಾನ್‌ಸಾಬರು ಬಗ್ಗಿ ನೋಡಿದರು. ಬ್ರೇಕಿನ ನಳಿಗೆಯ ಮೇಲೂ ಅದೇ ಬಿಳಿ ಪದರ ಇತ್ತು.

ಬಸ್ಸು ಒಂದೂವರೆಗೆ ಬಂತು. ಕರಿಬಸಪ್ಪ ಸಾಹುಕಾರರು ಇಳಿದು, ಮೈಮೇಲಿನ ಧೂಳು ಕೊಡವಿ, ಹಣೆಯ ವಿಭೂತಿ ಬೆವರಿಗೆ ಅಳಿಸಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಂಡು, ಬೇವಿನ ನೆರಳಿಗೆ ಬಂದರು. ಇಸ್ತ್ರಿ ಮಾಡಿದ ಧೋತರ, ಕರಿ ಕೋಟು.

“ಎಲ್ಲೈತಿ ತೂತು?”

“ಕೆಳಗ ಐತ್ರಿ” ಎಂದ ಹೊನ್ನೂರಪ್ಪ. “ಇಲ್ಲಿ ತಟ್ಟು ಹಾಸೀನಿ. ಮಲಗಿ ನೋಡ್ರಿ, ಏಳು ಅದಾವು.”

“ಯಾರು ಮಲಗೋದು?”

“ನೀವ್ರೀ.”

“ಬಸ್ ಸ್ಟ್ಯಾಂಡಿನ ಮಂದಿ ಮುಂದ ನಾ ಗಾಡಿ ಬುಡಕ ಮಲಗಬೇಕಾ? ತಲಿ ಕೆಟ್ಟೈತೇನಲೇ? ಹೊರಗ ತಂದು ತೋರಸು.”

“ಹೊರಗ ತಂದ್ರ ಮುರೀತೈತ್ರಿ.”

“ಮುರದ್ರ ತೂತು ಎಲ್ಲಿ ಹೋಕ್ಕಾವು?”

ಹೊನ್ನೂರಪ್ಪ ಉಸ್ಮಾನ್‌ಸಾಬರ ಮುಖ ನೋಡಿದ. ಅವರು ಆಕಾಶ ನೋಡಿದರು. ಬಗ್ಗಿ ನೋಡ್ರಿ ಎಂದರೆ ಸಾಹುಕಾರರು ಸೊಂಟ ನೋವು ಎಂದರು. ಕನ್ನಡಿ ಹಿಡಿಯುತ್ತೇನೆ ಎಂದರೆ ಕನ್ನಡಿಯಲ್ಲಿ ಏನು ಬೇಕಾದರೂ ತೋರಿಸಬಹುದು ಎಂದರು. ಕಡೆಗೆ ಉಸ್ಮಾನ್‌ಸಾಬರು ಮುಂದಿನ ನಟ್ಟು ಬಿಚ್ಚಿದರು, ಹೊನ್ನೂರಪ್ಪ ಹಿಂದಿನದು ಹಿಡಿದ, ಹುಸೇನ್‌ಬೀ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಗ್ಗುಲಿನಿಂದ ಕೈ ಹಾಕಿ ನಡುವೆ ಆತುಕೊಂಡಳು. ಹಸುಗೂಸನ್ನು ಎತ್ತುವಷ್ಟು ಜತನದಿಂದ ಮೂವರೂ ಅದನ್ನು ಹೊರಗೆ ತಂದರು. ನೆರಳಿಗೆ ಬರುವಷ್ಟರಲ್ಲಿ ಅದು ಮೂರು ತುಂಡಾಗಿ ನೆಲಕ್ಕೆ ಬಿತ್ತು.

ಸಾಹುಕಾರರು ತುಂಡುಗಳನ್ನು ಕಾಲಿನಿಂದ ಸರಿಸಿದರು. “ನೀವು ಮುರದೀರಿ. ಈಗ ಇದರಾಗ ನಾ ಏನು ನೋಡ್ಲಿ?”

“ಯಾ ಅಲ್ಲಾ” ಎಂದರು ಉಸ್ಮಾನ್‌ಸಾಬರು.

ಹುಸೇನ್‌ಬೀ ಯಾರನ್ನೂ ಕೇಳಲಿಲ್ಲ. ಎಲ್ಲಕ್ಕಿಂತ ಉದ್ದನೆಯ ತುಂಡನ್ನು ಎತ್ತಿಕೊಂಡು, ಒಂದು ತುದಿಗೆ ಹೆಬ್ಬೆರಳು ಒತ್ತಿ, ಓರೆಯಾಗಿ ಹಿಡಿದು, ಇನ್ನೊಂದು ತುದಿಗೆ ಚಂಬಿನಿಂದ ನೀರು ಸುರಿದಳು. ನೂಲಿನಷ್ಟು ಸಣ್ಣ ಧಾರೆಗಳು ನಾಲ್ಕು ಕಡೆಯಿಂದ ಚಿಮ್ಮಿದವು. ಒಂದು ನೇರವಾಗಿ ಸಾಹುಕಾರರ ಧೋತರದ ಮೇಲೆ ಬಿತ್ತು. ಅವರು ಹಿಂದೆ ಸರಿದರು. ಅವಳು ತುಂಡನ್ನು ಅವರತ್ತಲೇ ತಿರುಗಿಸಿದಳು.

“ಕಂಡವೇನ್ರಿ ಸೌಕಾರ್ರ? ಇನ್ನೂ ಸುರೀಲೇನು?”

“ಕಂಡ್ವು, ಕಂಡ್ವು. ಸಾಕು.” ಧೋತರ ಕೊಡವಿಕೊಂಡರು. ಆಮೇಲೆ ಉಸ್ಮಾನ್‌ಸಾಬರ ಕಡೆ ತಿರುಗಿ, “ಯಾಕ ಹಿಂಗಾತು?” ಎಂದರು.

“ಗಾಡಿಗೆ ವಯಸ್ಸಾತ್ರಿ” ಎಂದರು ಉಸ್ಮಾನ್‌ಸಾಬರು, ಹೆಂಡತಿಯ ಕಡೆ ನೋಡದೆ.

“ಹ್ಞೂಂ. ಹೊಸಾದು ಹಾಕು. ಲೇ ಹೊನ್ನೂರ, ಗಾಡಿ ಮೈಯೆಲ್ಲ ಎಣ್ಣಿ ಮಾಡ್ಯಾರ ನೋಡು. ಸೋಮವಾರ ಹಳ್ಳದಾಗ ಛಲೋತ್ನಾಗ ನೆನಿ ಹಾಕಿ ತಿಕ್ಕು.”

ಅಷ್ಟೇ. ಕಳ್ಳ ಅಂದಿದ್ದೆ, ತಪ್ಪಾತು ಎಂಬುದಿರಲಿ, ಆ ಮಾತೇ ಆಡಿರಲಿಲ್ಲವೆಂಬಂತೆ ಸಾಹುಕಾರರು ಹೊರಸಿನ ಮೇಲೆ ಕೂತು ಚಹಾ ಕುಡಿಯತೊಡಗಿದರು. ಹೊನ್ನೂರಪ್ಪ ನಿಂತೇ ಇದ್ದ. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಸೂತ್ರ. ಅವನಿಗೆ ಸಿಟ್ಟು ಬಂದಿದ್ದು ಸಾಹುಕಾರರ ಮೇಲೋ, ಮೂರು ತುಂಡಾದ ನಳಿಗೆಯ ಮೇಲೋ, ತನ್ನ ಮೇಲೋ ಗೊತ್ತಾಗಲಿಲ್ಲ.

“ಇನ್ನ ಮ್ಯಾಲ ಹಳ್ಳಕ್ಕ ಇಳಸಂಗಿಲ್ರಿ” ಎಂದ.

“ಯಾಕ?”

“ಅದ ತಿಂದಿದ್ದು. ಹಳ್ಳದ ಉಪ್ಪು. ವಯಸ್ಸಲ್ಲ. ನಾ ತೊಳದು ತೊಳದು ತೂತು ಬಿದ್ದಾವು.”

ಉಸ್ಮಾನ್‌ಸಾಬರು ಕುಲುಮೆಯ ಕಡೆ ಹೊರಟುಹೋದರು. ಸಾಹುಕಾರರು ಚಹಾದ ಬಟ್ಟಲು ತುಟಿಯ ಹತ್ತಿರವೇ ಹಿಡಿದು ಅವನನ್ನು ನೋಡಿದರು. ಬೈಗುಳ ಬರುತ್ತದೆ ಎಂದು ಹೊನ್ನೂರಪ್ಪ ಕಾದ. ಬರಲಿಲ್ಲ. ಕಾರಿನ ಆ ಸೋಮವಾರದ ಸ್ನಾನವನ್ನು ಊರೂರಿಗೆ ಹೇಳಿಕೊಂಡು ಬಂದವರು ಅವರೇ. ಸಿಂಧನೂರಿನಲ್ಲಿ ಕಾಲುವೆಯ ಸಾಹೇಬರೊಬ್ಬರಿಗೂ, ನಮ್ಮ ಡ್ರೈವರ್ ಕಾರಿಗೂ ಸೋಮವಾರ ಹಿಡೀತಾನ್ರಿ ಎಂದಿದ್ದರು.

“ಕದ್ದಿದ್ರ ಛಲೋ ಇತ್ತಲ್ಲಲೇ” ಎಂದರು ಕೊನೆಗೆ. “ಒಬ್ಬ ಕಳ್ಳನ್ನ ಬಿಡಿಸಿ ಇನ್ನೊಬ್ಬನ್ನ ತರತಿದ್ನಿ. ಈಗ ನಿನ್ನ ಏನು ಮಾಡ್ಲಿ?”

“ಏನರ ಮಾಡ್ರಿ. ಮೊದಲು ಆ ಕಟ್ಟಿ ಮ್ಯಾಲ ಹೋಗಿ, ಇಂವ ಕದ್ದಿಲ್ಲ ಅಂತ ಹೇಳ್ರಿ.”

“ಹೇಳೋಣು ಬಿಡು, ಯಾವಾಗರ.”

“ಯಾವಾಗರ ಅಲ್ರಿ. ಇವತ್ತ. ಅದ ಮಂದಿ ಮುಂದ. ಇಲ್ಲಾಂದ್ರ ಚಾವಿ ತಗೋರಿ, ಗಾಡಿ ನೀವ ಹೊಡಕೊಂಡು ಹೋಗ್ರಿ.”

ಸಾಹುಕಾರರಿಗೆ ಬಂಡಿ ಹೊಡೆಯಲೂ ಬರುತ್ತಿರಲಿಲ್ಲ. ಅವರು ಬಟ್ಟಲು ಕೆಳಗಿಟ್ಟು, ಬಸ್ ಬಯಲಿನ ಕಡೆ ಮುಖ ತಿರುಗಿಸಿ, “ಆತು. ಲಗೂನ ಮುಗಸ್ರಿ” ಎಂದರು.

ಲಗೂನ ಮುಗಿಯಲಿಲ್ಲ. ಹದಿಮೂರು ಅಡಿ ಬೇಕಿತ್ತು, ಉಸ್ಮಾನ್‌ಸಾಬರ ಬಳಿ ಇದ್ದ ತಾಮ್ರದ ನಳಿಗೆ ಒಂಬತ್ತು ಅಡಿ. ಅಟ್ಟದ ಮೇಲೆ ಹುಡುಕಿ ಇನ್ನೊಂದು ತುಂಡು ತೆಗೆದರು, ಅದು ಸೊಟ್ಟಗಿತ್ತು. ಹುಸೇನ್‌ಬೀ ತಿದಿ ಒತ್ತಿದಳು. ತಾಮ್ರವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ, ಕಬ್ಬಿಣದ ಹಾಗೆ ಗಟ್ಟಿಯಾಗುವುದಿಲ್ಲ. ಅದನ್ನು ಹೊನ್ನೂರಪ್ಪ ಎರಡು ಸಲ ಕೇಳಿ ತಿಳಿದುಕೊಂಡ. ಬಗ್ಗಿಸುವಾಗ ಅಪ್ಪಚ್ಚಿಯಾಗದಿರಲಿ ಎಂದು ಒಳಗೆ ಜರಡಿ ಹಿಡಿದ ಮರಳು ತುಂಬಿದರು. ಬಗ್ಗಿಸಿದ ಮೇಲೆ ಮರಳು ಹೊರಗೆ ಬರಲಿಲ್ಲ, ಅರ್ಧ ಗಂಟೆ ಕುಟ್ಟಿದರು. ಎರಡು ತುಂಡನ್ನು ಹಿತ್ತಾಳೆಯ ಕೂಡುಗೆಯಿಂದ ಸೇರಿಸಿ ಬೆಸೆದರು. ಹಿಡಿಕೆಗಳ ಕೆಳಗೆ ಹಳೆಯ ಚಪ್ಪಲಿಯ ಚರ್ಮ ಕತ್ತರಿಸಿ ಮೆತ್ತೆ ಇಟ್ಟರು. ಬ್ರೇಕಿನ ನಳಿಗೆಯ ಉಪ್ಪು ಕೆರೆದು, ಎಣ್ಣೆ ಸವರಿ, “ಇದು ಈ ಬ್ಯಾಸಗಿ ತಡೀತದ. ಮಳಿಗಾಲದಾಗ ತಿರುಗಿ ಬಾ” ಎಂದರು.

ಡಬ್ಬಿಯ ಪೆಟ್ರೋಲನ್ನು ಟಾಕಿಗೆ ಸುರಿದ ಮೇಲೆ ಉಸ್ಮಾನ್‌ಸಾಬರು ಕೆಳಗಿನಿಂದ ಕೈ ಚಾಚಿದರು. “ಸುಣ್ಣದ ಕಡ್ಡಿ ಇಲ್ಲ. ಸೌಕಾರ್ರ, ನಿಮ್ಮ ಇಬತ್ತಿ ಗಟ್ಟಿ ಕೊಡ್ರಿ.”

“ಯಾಕ?”

“ಕೂಡಿಗಿಗೆ ಸವರ್ತೀನಿ. ಸೋರಿದ್ರ ಬಿಳೇದು ಕರ್ರಗ ಆಗ್ತದ.”

ಸಾಹುಕಾರರು ಕೋಟಿನ ಕಿಸೆಗೆ ಕೈ ಹಾಕಿ, ತೆಗೆದು, ಮತ್ತೆ ಹಾಕಿ, ಕೊನೆಗೆ ವಿಭೂತಿಯ ಗಟ್ಟಿಯ ಒಂದು ಮೂಲೆ ಮುರಿದುಕೊಟ್ಟರು. ಮೊದಲ ಕೂಡುಗೆ ಕಪ್ಪಾಯಿತು. ಬಿಗಿದರು. ಮತ್ತೆ ಸವರಿದರು. ಮತ್ತೆ ಕಪ್ಪಾಯಿತು. ಉಸ್ಮಾನ್‌ಸಾಬರು ಯಾರ ಯಾರದೋ ತಾಯಿ ತಂದೆಯರನ್ನು ನೆನೆದು, ಎಲ್ಲ ಬಿಚ್ಚಿ, ಇನ್ನೊಮ್ಮೆ ಬೆಸೆದರು. ಮೂರನೆಯ ಸಲ ವಿಭೂತಿ ಬೆಳ್ಳಗೇ ಉಳಿಯಿತು.

ಹೊರಟಾಗ ಹೊತ್ತು ಇಳಿದಿತ್ತು. ಕಾರು ಕೆಮ್ಮಲಿಲ್ಲ. ಸಂತೆಕೆಲ್ಲೂರು ದಾಟಿದರೂ ಕೆಮ್ಮಲಿಲ್ಲ. ಹೊನ್ನೂರಪ್ಪನ ಕಾಲು ಮಾತ್ರ ಅಭ್ಯಾಸಕ್ಕೆ ಪ್ರತಿ ಏರಿನಲ್ಲೂ ಬಿಗಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಸಾಹುಕಾರರು, “ಮನ್ಯಾಗ ನಮ್ಮ ಅವ್ವನ ಮುಂದ ಹೇಳ್ತೀನಿ, ಸಾಕಲ್ಲ?” ಎಂದರು. ಇವನು ಗೇರು ಬದಲಿಸಿದ. ಎರಡು ಮೈಲಿ ಆದ ಮೇಲೆ, “ನಾಳೆ ಹೇಳ್ತೀನಿ, ಇವತ್ತು ಕಟ್ಟಿ ಮ್ಯಾಲ ಯಾರೂ ಇರಂಗಿಲ್ಲ” ಎಂದರು. ಇವನು ಇನ್ನಷ್ಟು ಜೋರಾಗಿ ಓಡಿಸಿದ.

ಕಟ್ಟೆಯ ಮೇಲೆ ಎಲ್ಲರೂ ಇದ್ದರು. ಹೊನ್ನೂರಪ್ಪ ಅಂಗಡಿಯ ಎದುರಿಗೇ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಚಾವಿ ಮುಷ್ಟಿಯಲ್ಲಿ ಹಿಡಿದು ಕೂತ. ಸಾಹುಕಾರರು ಕೆಳಗಿಳಿದರು.

“ರಿಪೇರಿ ಆತು” ಎಂದರು ಎಲ್ಲರಿಗೂ ಕೇಳುವಂತೆ.

“ಛಲೋ ಆತ್ರಿ” ಎಂದ ಅಡತಿಯ ಹಂಪಣ್ಣ.

“ಉಸ್ಮಾನ್‌ಸಾಬ ಕೆಲಸದಾಗ ಹುಷಾರ್ ಅದಾನ.”

“ಹೌದ್ರಿ, ಹೌದು.”

ಸಾಹುಕಾರರು ಕಾರು ಹತ್ತಲು ತಿರುಗಿದರು. ಹೊನ್ನೂರಪ್ಪ ಚಾವಿ ತಿರುಗಿಸಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ. ಗಾಜಿನ ಆಚೆ ನೋಡುತ್ತ ಕೂತಿದ್ದ. ಸಾಹುಕಾರರು ಬಾಗಿಲಿನ ಮೇಲೆ ಕೈ ಇಟ್ಟುಕೊಂಡೇ ಮತ್ತೆ ಕಟ್ಟೆಯ ಕಡೆ ತಿರುಗಿದರು.

“ಇಂವ ಪೆಟ್ರೋಲ್ ಕದ್ದಿದ್ದಿಲ್ಲ.”

“ಮತ್ತ ಎಲ್ಲಿ ಹೋತ್ರಿ?” ಎಂದ ಹಂಪಣ್ಣ.

“ನಳಿಗ್ಯಾಗ ತೂತು ಇದ್ವು.”

“ತೂತು ಯಾಕ ಬಿದ್ವು?”

ಸಾಹುಕಾರರು ಕೆಮ್ಮಿದರು. ವಯಸ್ಸು ಎಂಬ ಮಾತು ಅವರ ಬಾಯಿಯವರೆಗೆ ಬಂದಿದ್ದು ಹೊನ್ನೂರಪ್ಪನಿಗೆ ಕಾಣಿಸಿತು. ಅದನ್ನು ಹೇಳಿದರೆ ಮುಂದಿನ ಸೋಮವಾರ ಊರೆಲ್ಲ ಹಳ್ಳದ ದಂಡೆಗೆ ಬಂದು, ಕಾರು ಯಾಕೆ ಬರಲಿಲ್ಲ ಎಂದು ಕೇಳುತ್ತದೆ. ಅವನು ಕಾರಿನಿಂದ ತಲೆ ಹೊರಗೆ ಹಾಕಿದ.

“ಹಳ್ಳದಾಗ ತೊಳದು ತೊಳದು ನಾನ ತೂತು ಕೆಡವೀನಿ. ಉಪ್ಪು ತಿಂದೈತಿ.”

ಮೊದಲು ಒಬ್ಬ ನಕ್ಕ. ಆಮೇಲೆ ಎಲ್ಲರೂ. ಹಂಪಣ್ಣ ತಕ್ಕಡಿಯ ಸರಪಳಿ ಹಿಡಿದುಕೊಂಡು ನಕ್ಕ. “ಸೌಕಾರ್ರ, ಈ ಕಾರಿಗೆ ಬಸವಣ್ಣನ ಕಳಾ ಬಂದೈತಿ ಅಂತಿದ್ರೆಲ್ರಿ! ನಮ್ಮ ಎತ್ತಿಗೂ ಹಂಗ ತೂತು ಬಿದ್ದಾವೇನು ನೋಡಬೇಕಾತು!” ಎಂದ. ಮತ್ತೊಬ್ಬ ನಗುತ್ತ ಕೆಮ್ಮತೊಡಗಿ, ನೀರು ತರಿಸಬೇಕಾಯಿತು. ಹೊನ್ನೂರಪ್ಪ ಸ್ಟೀರಿಂಗ್ ಹಿಡಿದು ಕೂತಿದ್ದ. ನಗು ತನ್ನ ಮೇಲೆಷ್ಟು, ಸಾಹುಕಾರರ ಮೇಲೆಷ್ಟು ಎಂದು ಅವನಿಗೆ ಲೆಕ್ಕ ಹತ್ತಲಿಲ್ಲ. ಕಳ್ಳ ಎಂದು ಮಾತ್ರ ಯಾರೂ ಅನ್ನಲಿಲ್ಲ.

ಸಾಹುಕಾರರು ಕಾರು ಹತ್ತಲಿಲ್ಲ. ಮನೆ ಹಳ್ಳದ ಆಚೆ. ಅಡತಿಯ ಓಣಿಯಿಂದ ಇಳಿದರೆ ಮೊಣಕಾಲು ನೀರಿನ ದಾರಿ, ಕಾರು ದಿನಾ ಹೋಗುತ್ತಿದ್ದುದೂ ಅದರಲ್ಲೇ. ಅವರು ಕೋಟಿನ ಗುಂಡಿ ಹಾಕಿಕೊಂಡು, ನಗುವವರ ಕಡೆ ತಿರುಗದೆ, ಆ ಓಣಿ ಹಿಡಿದು ನಡೆದುಬಿಟ್ಟರು.

ಹೊನ್ನೂರಪ್ಪ ಕಾರು ಚಾಲೂ ಮಾಡಿದ. ಒಂದೇ ಸಲಕ್ಕೆ ಹತ್ತಿತು. ಓಣಿಯ ಬಾಯಿಗೆ ಬಂದವನು ಆ ಸವಳು ನೀರಿಗೆ ಇಳಿಸದೆ ಹಿಂದಕ್ಕೆ ಹೊರಳಿಸಿಕೊಂಡು, ಗುಡ್ಡ ಬಳಸಿ ಹೋಗುವ ಬಂಡಿದಾರಿಗೆ ತಿರುಗಿಸಿದ. ಒಂದೂವರೆ ಮೈಲಿ ಸುತ್ತು. ಆ ಕಡೆ ಹಳ್ಳ ಬೇಸಗೆಯಲ್ಲಿ ಬರೀ ಮರಳು. ಕಲ್ಲಿನ ಮೇಲೆ ಕಾರು ಕುಣಿಯಿತು, ಧೂಳು ಒಳಗೆಲ್ಲ ತುಂಬಿತು.

ಗುಡ್ಡದ ತಿರುವಿನಲ್ಲಿ ಕೆಳಗೆ ಹಳ್ಳ ಕಂಡಿತು. ಧೋತರವನ್ನು ಒಂದು ಕೈಯಲ್ಲಿ ಮೊಣಕಾಲ ಮೇಲೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಎರಡೂ ಚಪ್ಪಲಿ ಹಿಡಿದು ಕರಿಬಸಪ್ಪ ಸಾಹುಕಾರರು ನೀರಿನ ನಡುವೆ ನಿಂತಿದ್ದರು. ಮುಖ ಕಾರಿನ ಸದ್ದು ಬಂದ ಗುಡ್ಡದ ಕಡೆಗಿತ್ತು.